ಬಾತುಕೋಳಿಯ ಬಾಯಿಗೆ ನಾನಿಟ್ಟ ಮಾತು

ಡಬ್ಬಿಂಗ್ ಸ್ಟುಡಿಯೋದ ಮೆಟ್ಟಿಲ ಮೇಲಿಂದ,
ಮಾರ್ಚ್ ೧೨, ಮಧ್ಯಾಹ್ನ

ಚೂಟಿಯ ಅಮ್ಮನಿಗೆ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯ್ತಾ? ನೀನು ಕೆಲಸಕ್ಕಿರೋ ಮನೆಯ ಅಜ್ಜಿಯನ್ನು ಒಬ್ಬಳೇ ಎತ್ತಿ ಕೂರಿಸಬೇಡ ಅಂತ ಎಷ್ಟು ಸಲ ಬರೆದೆ, ನೀನು ಕೇಳೋಳಲ್ಲ. ನಾವಿಬ್ಬರೂ ಚೆನ್ನಾಗಿದ್ದೀವಿ. ಅಂದರೆ ನನಗೆ ಶೀತ, ಮಗಳಿಗೆ ಸಿಟ್ಟು. ಆ ಸಿಟ್ಟಿನ ವಿಷಯವನ್ನೇ ಬರೆಯಬೇಕು ಅಂತ ಕೂತಿದ್ದೀನಿ.

ಹೋದ ತಿಂಗಳು ಒಂದು ಕಾರ್ಟೂನ್ ಚಿತ್ರಕ್ಕೆ ನಮ್ಮ ಭಾಷೆಯಲ್ಲಿ ಮಾತು ಬರೆಯೋ ಕೆಲಸ ಬಂತು. ಮಕ್ಕಳ ಚಿತ್ರ, ಜಾಸ್ತಿ ತಲೆ ಕೆಡಿಸ್ಕೋಬೇಡ ಅಂದರು ನಮ್ಮ ಸೌಂಡ್ ಇಂಜಿನಿಯರ್. ಬಾತುಕೋಳಿಗಳ ಕಥೆ. ಕೆರೆ ಮುಚ್ಚಿ ಕಟ್ಟಡ ಕಟ್ಟುತ್ತಾರೆ, ತಾಯಿ ಬಾತು ತನ್ನ ಮರಿಯನ್ನು ಬಿಟ್ಟು ಹೊಟ್ಟೆಪಾಡಿಗೆ ಯಾರದೋ ಬಂಗಲೆಯ ಕೊಳಕ್ಕೆ ಹೋಗುತ್ತೆ, ಅಲ್ಲಿ ಬೇರೆಯವರ ಮರಿಗಳನ್ನು ಸಾಕುತ್ತೆ. ಇದರಲ್ಲಿ ಮಕ್ಕಳಾಟ ಎಲ್ಲಿದೆ ಹೇಳು. ನಮ್ಮನೆ ಕಥೆಗೇ ರೆಕ್ಕೆ ಅಂಟಿಸಿದ್ದಾರೆ ಅಷ್ಟೆ. ಬೇಲಿ ದಾಟೋ ಮುಂಚೆ ತಾಯಿ ತಿರುಗಿ ಒಂದೇ ಮಾತು ಹೇಳುತ್ತೆ: "ಕಾಯಬೇಡ." ಕೊಕ್ಕು ನಾಲ್ಕು ಸಲ ತೆರೆಯುತ್ತೆ, ನಾಲ್ಕಕ್ಷರ ಸರಿಯಾಗಿ ಕೂತಿತ್ತು. ಆದರೆ ಬರೆಯೋಕೆ ಕೈ ಬರಲಿಲ್ಲ ಕಣೇ. ಹೊಡೆದುಹಾಕಿ "ಬಂದೇಬಿಟ್ಟೆ" ಅಂತ ಬರೆದೆ. ಅದೂ ನಾಲ್ಕೇ ಅಕ್ಷರ. ಒಂದೂವರೆ ವರ್ಷದ ಹಿಂದೆ ಗೇಟಿನ ಹತ್ತಿರ ಚೂಟಿಯ ಕೆನ್ನೆ ಹಿಂಡಿ ನೀನು ಹೇಳಿ ಹೋದ ಮಾತು.

ಶನಿವಾರ ಅವಳನ್ನು ಥಿಯೇಟರಿಗೆ ಕರ್ಕೊಂಡು ಹೋದೆ, ಅಪ್ಪ ಬರೆದ ಚಿತ್ರ ಅಂತ ಜಂಬ ಬೇರೆ. ಆ ಮಾತು ಬಂದಾಗ ಸೀಟಿನ ತುದಿಗೆ ಬಂದು ಕೂತಳು. ಆಮೇಲೆ ಏನೇ ನಡೆದರೂ ಬೇಲಿಯನ್ನೇ ಹುಡುಕುತ್ತಿದ್ದಳು. ಮಾತು ಬದಲಾಯಿಸಿದೆ, ಚಿತ್ರ ಬದಲಾಯಿಸೋಕಾಗುತ್ತಾ? ಕೊನೆವರೆಗೂ ತಾಯಿ ಬರೋದೇ ಇಲ್ಲ, ಮರಿ ಒಂದೇ ಬೇರೆ ಕೆರೆ ಹುಡುಕಿಕೊಂಡು ಹೋಗುತ್ತೆ. ಇದ್ದ ಮಾತು ಇದ್ದಹಾಗೆ ಬಿಟ್ಟಿದ್ದರೆ ಅದು ಮರಿಯ ಧೈರ್ಯದ ಕಥೆಯಾಗಿರುತ್ತಿತ್ತು. ನಾನು ತಾಯಿಯನ್ನು ಸುಳ್ಳುಗಾತಿ ಮಾಡಿಬಿಟ್ಟೆ. ಲೈಟ್ ಹಾಕಿದಾಗ "ಅವಳು ಸುಳ್ಳು ಹೇಳಿದ್ಲು" ಅಂದಳು ಚೂಟಿ. ಯಾರು ಅಂತ ನಾನು ಕೇಳಲಿಲ್ಲ.

ಅವತ್ತಿನಿಂದ ನಿನ್ನ ಫೋನು ಬಂದರೆ ಸಾಕು, ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೋತಾಳೆ. ಹೊಟ್ಟೆನೋವು ಅಂತ ನಾನು ನಿನಗೆ ಹೇಳಿದ್ದು ಸುಳ್ಳು. ತಪ್ಪು ನಂದೇ ಅಂತ ಎಷ್ಟು ಸಲ ಹೇಳಿದರೂ, ಅಮ್ಮನೂ ಹಂಗೇ ಹೇಳಿದ್ಲಲ್ಲ ಅಂತಾಳೆ. ಊರಿಗೆಲ್ಲ ಮಾತು ಬರೆದುಕೊಡೋನು ಏಳು ವರ್ಷದ ಮಗಳ ಮುಂದೆ ಬಾಯಿ ಕಟ್ಟಿ ಕೂತಿದ್ದೀನಿ.

ಪಕ್ಕದ ಮನೆ ಟೈಲರಕ್ಕ ನಿನ್ನನ್ನು ಕೇಳಿದರು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಮಾತಿನಮಲ್ಲ

ಮರೆತೆ: ಆ ಮನೆಯವರು ಇನ್ನೂ ಎರಡು ವರ್ಷ ಬಿಡಲ್ಲ, ಪಾಸ್‌ಪೋರ್ಟೂ ಅವರ ಹತ್ತಿರಾನೇ ಇದೆ ಅಂತ ನೀನು ಬರೆದ ಪತ್ರ ನನ್ನ ಜೇಬಲ್ಲೇ ಇದೆ. ಚೂಟಿಗೆ ಹೇಳೋಕೆ ನನ್ನಿಂದಾಗಲಿಲ್ಲ. ಈ ಪತ್ರ ಸಿಕ್ಕಿದ ವಾರದ ಭಾನುವಾರ ನೀನೇ ಹೇಳು, ಫೋನನ್ನು ಬಚ್ಚಲ ಬಾಗಿಲಿಗೆ ಹಿಡಿದಿರ್ತೀನಿ. ಬಂದೇಬಿಟ್ಟೆ ಅಂತ ಮಾತ್ರ ಅನ್ನಬೇಡ. ನಲ್ಲಿ ಜೋರಾಗಿ ಬಿಟ್ಟುಕೊಂಡಿರ್ತಾಳೆ, ಕೇಳಿಸಲ್ಲ ಅಂತ ಸುಮ್ಮನಾಗಬೇಡ. ನಿನ್ನ ದನಿ ಬಂದ ಕೂಡಲೇ ನಲ್ಲಿ ನಿಲ್ಲಿಸ್ತಾಳೆ.