ಬೇಕೆಂದೇ ಬಿಟ್ಟ ಸಂದು

ಮೇಲಿನ ರಾಯಚೂರು
ಅಧಿಕ ಫೆಬ್ರವರಿ 9, 2191

ಮಾದೇವಿ ಬಣಕಾರ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನನ್ನ ಒಂದೆರಡು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲಕ್ಕಿಂತ ಬಹಳ ಮುಂದಿನವಳು ನಾನು.

ನನ್ನ ತಂಗಿ ರುದ್ರವ್ವ ಬದುಕಿರುವುದು ನಿಮ್ಮ ಕಾಲದ ಒಂದು ಉಸಿರುಯಂತ್ರದಿಂದ. ಇಂದು ಬೆಳಿಗ್ಗೆ ಅದರೊಳಗಿನ ಸರ್ಕ್ಯೂಟ್ ಬೋರ್ಡ್ ತುಂಡಾಯಿತು. ಹುಡುಕಿದಾಗ ನಿಮ್ಮ ಹೆಸರಿದ್ದ ಅದರ ನಕ್ಷೆ ಸಿಕ್ಕಿತು. ನಮ್ಮಲ್ಲಿ ಮನೆಮನೆಗೂ ಮೊಳೆಪೆಟ್ಟಿಗೆ ಇದೆ. ನಕ್ಷೆ ಕೊಟ್ಟರೆ ತಟ್ಟೆಯಿಂದ ಹಿಡಿದು ಗೋಡೆಯವರೆಗೆ ಏನನ್ನಾದರೂ ಬೆಳೆಸಿಕೊಡುತ್ತದೆ. ನಿಮ್ಮ ನಕ್ಷೆ ನೋಡಿ ಅದು ಕೇಳಿತು: "ಈ ಮನೆಯ ಮುಂಬಾಗಿಲು ಯಾವ ಕಡೆಗೆ?"

ನಾನು ದಂಗಾದೆ. ಮನೆಯ ಪ್ಲಾನ್ ಬರೆಯುವ ಸಾಫ್ಟ್‌ವೇರಿನಲ್ಲಿ ನೀವು ಸರ್ಕ್ಯೂಟ್ ಬೋರ್ಡ್ ಬರೆದಿದ್ದಿರಿ! ಆ ಗೆರೆಗಳೆಲ್ಲ ತಾಮ್ರದ ದಾರಿಗಳೆಂದು ಗೊತ್ತಿದ್ದದ್ದು ನಿಮಗೊಬ್ಬರಿಗೇ. ಎರಡು ಗೆರೆ ತಪ್ಪಿ ತಾಗಿದರೆ ಎಚ್ಚರಿಸಲು ಆ ಸಾಫ್ಟ್‌ವೇರಿಗೂ ತಿಳಿಯದು. ಎಂಥ ಗುಂಡಿಗೆ, ತಾಯಿ, ನಿಮ್ಮದು!

ರುದ್ರವ್ವನಿಗೆ ಮಾತ್ರ ನಗು. ನನ್ನ ಗಂಡ ಕೈಪಂಪಿನಿಂದ ಅವಳಿಗೆ ಉಸಿರು ತುಂಬುತ್ತಿದ್ದರು. ಅದರ ನಡುವೆಯೇ ಅಂದಳು: "ಅಕ್ಕಾ, ನನ್ನ ಎದಿಯಾಗ ಮನಿ ಕಟ್ಟಾಕತ್ತಿಯೇನ?"

ಇದು ಮನೆಯಲ್ಲ, ಬೋರ್ಡು ಎಂದು ಪೆಟ್ಟಿಗೆಗೆ ತಿಳಿಹೇಳಿ ಬೆಳೆಸಿದೆ. ಹಳೆಯ ಬಿಡಿಭಾಗಗಳನ್ನು ಬೆಸೆದು ಸ್ವಿಚ್ ಹಾಕಿದೆ. ಚಟ್ ಎಂದು ಫ್ಯೂಸ್ ಹಾರಿತು. ನೋಡಿದರೆ, ಜೋರು ಕರೆಂಟಿನ ದಾರಿಗೂ ಸಣ್ಣ ಕರೆಂಟಿನ ದಾರಿಗೂ ನಡುವೆ, ಅವೆರಡೂ ಸೇರದಿರಲೆಂದು ನೀವು ಬಿಟ್ಟಿದ್ದ ಸಂದನ್ನು ಪೆಟ್ಟಿಗೆ ಗೋಡೆಯ ಬಿರುಕೆಂದು ತಿಳಿದು, ದೊಡ್ಡ ಉಪಕಾರ ಮಾಡಿದವರ ಹಾಗೆ, ತಾಮ್ರ ತುಂಬಿ ಮುಚ್ಚಿಬಿಟ್ಟಿದೆ! ಯಂತ್ರದ ಕೊಳವೆಯನ್ನು ತಂಗಿಯ ಮೂಗಿಗೆ ಇನ್ನೂ ಹಾಕಿರಲಿಲ್ಲ, ಪುಣ್ಯ.

ಅಷ್ಟರಲ್ಲಿ ಗಂಡನ ಕೈ ಸೋತಿತ್ತು. "ಲಗೂನ ಮಾಡ, ಕಲ್ಲವ್ವ" ಎಂದರು. ತರಕಾರಿ ಹೆಚ್ಚುವ ಚಾಕುವಿನಿಂದ ಆ ತಾಮ್ರವನ್ನು ಕೆರೆದು ತೆಗೆದೆ, ಬೇರೆ ಫ್ಯೂಸ್ ಹಾಕಿದೆ. ಯಂತ್ರ ಓಡಿತು. ಕೊಳವೆಯನ್ನು ತಂಗಿಯ ಮೂಗಿಗೆ ಹಾಕಿದೆ. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಈಗ ರುದ್ರವ್ವ ಪಕ್ಕದಲ್ಲೇ ಮಲಗಿ, ನನ್ನ ಅಕ್ಷರ ಸೊಟ್ಟಗಿದೆ ಎಂದು ಕಾಡುತ್ತಿದ್ದಾಳೆ.

ತಾಯಿ, ನಿಮ್ಮ ನಕ್ಷೆಯಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಆದರೂ ಒಂದು ಬೇಡಿಕೆ. ಇನ್ನೊಮ್ಮೆ ಬರೆಯುವಾಗ ಆ ಖಾಲಿ ಜಾಗದ ಪಕ್ಕ ಒಂದು ಮಾತು ಬರೆದಿಡಿ: ಇದು ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಬೆರಳಗಲವೂ ಇಲ್ಲದ ಆ ಸಂದಿನಲ್ಲಿ ನನ್ನ ತಂಗಿಯ ಜೀವವಿದೆ.

ಇಂತಿ,
ನಿಮ್ಮನ್ನೆಂದೂ ನೋಡಲಾಗದ
ಕಲ್ಲವ್ವ