ಒಂಬತ್ತನೇ ಅಧ್ಯಾಯ ಇವತ್ತು ಓದಿದೆ

ಲೇ ಗೂಬೆ,

ನೀನು ನನ್ನನ್ನು ಬ್ಲಾಕ್ ಮಾಡಿದ್ದೀಯ, ಇದು ನಿನಗೆ ತಲುಪಲ್ಲ. ಆದರೂ ಹೇಳ್ತೀನಿ, ಆ ಹಾಳು ಕಾದಂಬರಿಯ ಒಂಬತ್ತನೇ ಅಧ್ಯಾಯ ಇವತ್ತು ಓದಿದೆ. ಪ್ರಜ್ಞೆಯಿಲ್ಲದ ಅಮ್ಮಂದಿರನ್ನು ಸರ್ಕಾರವೇ ಆಸ್ಪತ್ರೆಯಲ್ಲಿ ಸಾಲಾಗಿ ಮಲಗಿಸಿ ಚರ್ಮ ಸುಲಿಯುತ್ತೆ, ಬೆಳೆದ ಮೇಲೆ ಮತ್ತೆ ಸುಲಿಯುತ್ತೆ. ಒಬ್ಬಳ ಮಗಳು ಆ ಚರ್ಮದ್ದೇ ಕೈಚೀಲ ಹಿಡಿದು ಪಾರ್ಟಿಗೆ ಹೋಗ್ತಾಳೆ. ಥೂ! ತಿಂದಿದ್ದೆಲ್ಲ ಸಿಂಕಿಗೆ ಹೋಯ್ತು, ಬಾಯಿ ಇನ್ನೂ ಹುಳಿಹುಳಿ.

ನಿಮ್ಮಮ್ಮ ಐಸಿಯುನಲ್ಲಿದ್ದಾಗ ನೀನು ನಮ್ಮ ಓದುಗರ ಗ್ರೂಪಲ್ಲಿ, "ಈ ಅಧ್ಯಾಯ ನನ್ನ ಕೈಲಿ ಆಗಲ್ಲ ಕಣ್ರೋ, ಬಿಟ್ಟು ಮುಂದೆ ಓದ್ತೀನಿ" ಅಂದೆ. ನಾನು ಅಡ್ಮಿನ್ ಗತ್ತಲ್ಲಿ, "ಪುಟ ಹಾರಿಸೋ ಪುಕ್ಕಲಿಗೆ ಇಲ್ಲಿ ಜಾಗ ಇಲ್ಲಮ್ಮ" ಅಂತ ನಗೋ ಎಮೋಜಿ ಹಾಕಿ ನಿನ್ನನ್ನು ತೆಗೆದುಹಾಕಿದೆ.

ಅವತ್ತು ನಾನು ಏಳನೇ ಅಧ್ಯಾಯಾನೂ ಮುಗಿಸಿರಲಿಲ್ಲ ಕಣೇ.

ಆಂಟಿ ಆಸ್ಪತ್ರೆಯಿಂದ ಮನೆಗೆ ಬಂದ್ರಾ?