‘ಒಣಗಿದೆ’ ಎಂದು ಬರೆದ ಚೀಟಿ

ಬನಶಂಕರಿ ಎರಡನೇ ಹಂತ
೨೬ ನವೆಂಬರ್ ೨೦೦೪, ಶುಕ್ರವಾರ

ಪ್ರೀತಿಯ ಭಾಗ್ಯ,

ನನ್ನ ಅಕ್ಷರ ಕಂಡ ಕೂಡಲೇ ಇದನ್ನು ಹರಿದುಹಾಕಬೇಡ. ನೀನು ಫೋನು ಎತ್ತುವುದಿಲ್ಲ. ಚಿಕ್ಕಲಸಂದ್ರದಲ್ಲಿ ನಿಮ್ಮಕ್ಕನ ಮನೆಯ ಗೇಟಿನವರೆಗೆ ಎರಡು ಸಲ ಬಂದೆ. ಎರಡು ಸಲವೂ ಅವರು, “ಮಲಗಿದಾಳೆ ಕಮಲಾ, ಎಬ್ಬಿಸ್ಲಾ?” ಎಂದು ಕೇಳಿ, ನಾನು ಉತ್ತರ ಕೊಡುವುದರೊಳಗೆ ಬಾಗಿಲು ಮುಂದೆ ಮಾಡಿದರು. ಬೆಳಿಗ್ಗೆ ಹನ್ನೊಂದಕ್ಕೆ ಮಲಗುವವಳಲ್ಲ ನೀನು. ಒಂಬತ್ತನೇ ಕ್ಲಾಸಿನಿಂದ ನಿನ್ನ ಪಕ್ಕದಲ್ಲೇ ಕೂತವಳಿಗೆ ಅಷ್ಟೂ ತಿಳಿಯದೇ?

ಮೊದಲು ಇಂಗ್ಲಿಷಿನಲ್ಲಿ ಬರೆಯಲು ಹೊರಟಿದ್ದೆ. ನಮ್ಮ ಶಾಲೆ ಕಲಿಸಿದ ಆ ನಯವಾದ ವಾಕ್ಯಗಳಲ್ಲಿ ತಪ್ಪು ಯಾರದ್ದೂ ಅಲ್ಲವೆಂಬಂತೆ ಕಂಡಿತು. ಆ ಹಾಳೆ ಕಸದಬುಟ್ಟಿಯಲ್ಲಿದೆ.

ಸೋಮವಾರ ನಿನ್ನ ವಿಚಾರಣೆ. ಡಾಂಬರು ಕದ್ದು, ಆ ಜಾಗಕ್ಕೆ ಪ್ಲಾಸ್ಟಿಕ್ ತುಂಬಿ ನಮ್ಮ ಏಳನೇ ಕ್ರಾಸಿನ ರಸ್ತೆ ಕೆಡಿಸಿದೆ ಎಂಬುದು ಆರೋಪ. ಇಪ್ಪತ್ತು ವರ್ಷದ ಇಂಜಿನಿಯರ್ ಕೆಲಸ ಹೋಗಿಬಿಡಬಹುದು. ಡಾಂಬರು ಸರಿಯಾಗಿಯೇ ಇತ್ತು ಭಾಗ್ಯ. ಕೆಟ್ಟಿದ್ದು ಡಾಂಬರಿನ ಜತೆ ಬೆರೆಸಲೆಂದು ನಾನು ಕಳಿಸಿದ ಪ್ಲಾಸ್ಟಿಕ್ ಚೂರು.

ನೆನಪಿದೆಯೇ, ನಮ್ಮ ಹಿತ್ತಲಿನಲ್ಲಿ ಹಳೇ ಬಾಣಲೆಗೆ ಜಲ್ಲಿ ಹಾಕಿ ಕಾಯಿಸಿ ನೀನು ನನಗೆ ತೋರಿಸಿದ್ದು? ಒಣ ಚೂರು ಕಾದ ಕಲ್ಲಿನ ಮೇಲೆ ಕರಗಿ ತೆಳ್ಳಗೆ ಅಂಟಿಕೊಂಡಿತು. ಡಾಂಬರು ಅದನ್ನು ಗಟ್ಟಿಯಾಗಿ ಹಿಡಿಯಿತು. ಒದ್ದೆ ಚೂರು ಮಾತ್ರ ಚಟಪಟ ಸಿಡಿದು ಉಂಡೆಗಟ್ಟಿತು. “ನೋಡೇ, ಒದ್ದೆ ಇದ್ರೆ ಎರಡು ಮಳೆಗೆ ರೋಡು ಎದ್ದೋಗುತ್ತೆ” ಎಂದೆ ನೀನು. ಆಮೇಲೆ ನಕ್ಕು, “ನಿನ್ ಸಹಿ ಇದ್ರೆ ಸಾಕು ಕಣೇ, ನಾನು ಚೀಲ ಬಿಚ್ಚಲ್ಲ” ಎಂದೆ. ನೀನು ನಿಜಕ್ಕೂ ಬಿಚ್ಚಲಿಲ್ಲ.

ಹೊಸಕೆರೆಹಳ್ಳಿಯ ನಮ್ಮ ಶೆಡ್ಡಿನಲ್ಲಿ ಹಾಲಿನ ಕವರುಗಳನ್ನು ತೊಳೆದು ಹಗ್ಗಕ್ಕೆ ಹಾಕಿದ ಮೇಲೆ ಎಂಟು ದಿನ ಬಿಸಿಲೇ ಇರಲಿಲ್ಲ. ಒಂಬತ್ತನೇ ದಿನ ಬಂತು, ಮರುದಿನವೇ ರಸ್ತೆ ಹಾಕಬೇಕು. ತಪ್ಪಿದರೆ ಆ ರಸ್ತೆಯನ್ನು ಪ್ಲಾಸ್ಟಿಕ್ ಇಲ್ಲದೆ ಹಳೇ ರೀತಿಯಲ್ಲೇ ಮುಗಿಸುತ್ತಾರೆ, ಇನ್ನೊಂದು ರಸ್ತೆ ಕೊಡುವುದಿಲ್ಲ ಎಂದು ನೀನೇ ಹೇಳಿದ್ದೆ. ಪೇಪರಿನವರೂ ಬರುವವರಿದ್ದರು, ನಾನು ಸೀರೆಗೆ ಇಸ್ತ್ರಿ ಮಾಡಿಸಿಟ್ಟಿದ್ದೆ. ಅವತ್ತು ಮಧ್ಯಾಹ್ನ ಒಂದು ಗಂಟೆ ಹೊತ್ತು ಬಿಸಿಲು ಬಿತ್ತು. ಅಷ್ಟಕ್ಕೇ ಕವರುಗಳನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡಿಸಿ, ನಲವತ್ತು ಚೀಲ ತುಂಬಿಸಿ, ಚೀಟಿಯಲ್ಲಿ ‘ಒಣಗಿದೆ’ ಎಂದು ಬರೆದು ಸಹಿ ಹಾಕಿದೆ. ಹಸಿಯಿದೆ ಎಂದು ನನಗೆ ಗೊತ್ತಾಗಲಿಲ್ಲ. ಒಣಗಿದೆ ಎಂದು ನಂಬಿದ್ದೆನೇ, ನಂಬಲು ಬಯಸಿದ್ದೆನೇ ಎಂದು ಈಗ ದಿನವೂ ಕೇಳಿಕೊಳ್ಳುತ್ತೇನೆ.

ನೀನು ಹೇಳಿದಂತೆಯೇ ಎರಡು ಮಳೆಗೆ ರಸ್ತೆ ಎದ್ದುಹೋಯಿತು. ಈಗ ಜಲ್ಲಿ ನಮ್ಮ ಗೇಟಿನವರೆಗೂ ಉರುಳಿಬರುತ್ತದೆ. ದಿನಾ ಗುಡಿಸುತ್ತೇನೆ, ಮರುದಿನ ಮತ್ತೆ ಬಂದಿರುತ್ತದೆ.

ಇನ್ನೊಂದು ವಿಷಯ ಹೇಳದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. ಹೋದ ವಾರ ತರಕಾರಿ ಗಾಡಿಯ ಹತ್ತಿರ ಎದುರು ಮನೆಯ ಈಶ್ವರಮ್ಮ, “ಆ ಇಂಜಿನಿಯರಮ್ಮ ಟಾರೆಲ್ಲ ನುಂಗಿ ನೀರು ಕುಡಿದ್ಬಿಟ್ಳಂತೆ! ನಿಮ್ ಫ್ರೆಂಡ್ ಅಲ್ವಾ ಮೇಡಂ?” ಎಂದರು. ನಾನು, “ಪರಿಚಯ, ಅಷ್ಟೇ” ಎಂದೆ. ಎಂದು ಬೀನ್ಸ್ ಆರಿಸತೊಡಗಿದೆ. ಮನೆಗೆ ಬಂದ ಮೇಲೆ ಒಂದೊಂದು ಬೀನ್ಸ್ ಮುರಿಯುವಾಗಲೂ ನನ್ನ ಆ ಎರಡು ಮಾತು ಕೇಳಿಸುತ್ತಿತ್ತು.

ಇಷ್ಟು ದಿನ ಬಾಯಿ ಬಿಡದಿದ್ದುದಕ್ಕೆ ಶೆಡ್ಡಿನ ಇಪ್ಪತ್ತೆರಡು ಹೆಂಗಸರನ್ನು ನೆಪ ಮಾಡಿಕೊಂಡಿದ್ದೆ. ಚೀಲ ತುಂಬುವ ರೇಣುಕವ್ವ, “ನಮ್ಮ ಶೆಡ್ ಮುಚ್ಚತಾರೇನ್ರಿ ಅಕ್ಕಾರ?” ಎಂದು ಕೇಳಿದ್ದಳು. ಮುಚ್ಚಬಹುದು. ಅದು ನೆಪವಷ್ಟೇ ಅಲ್ಲ, ನಿಜವೂ ಹೌದು. ಆದರೆ ಅವರ ಅನ್ನದ ಹಿಂದೆ ನಾನು ಬಚ್ಚಿಟ್ಟುಕೊಂಡಿದ್ದೂ ನಿಜ.

ನಿನ್ನೆ ನಿಮ್ಮ ಕಚೇರಿಗೆ ಹೋಗಿ, ಚೀಟಿಯ ಸಹಿ ನನ್ನದು, ಚೀಲಗಳು ಒದ್ದೆಯಿದ್ದವು ಎಂದು ಬರೆದು ಕೊಟ್ಟುಬಂದೆ. ಸೀಲು ಹಾಕಿದ ಪ್ರತಿ ಇದರೊಂದಿಗಿದೆ. ಮೊದಲು ನಿನಗೆ ಬರೆದಿದ್ದರೆ ನೀನು ‘ಬೇಡ ಬಿಡೇ’ ಎನ್ನಲಿ ಎಂದು ಕಾಯುತ್ತ ಕೂರುತ್ತಿದ್ದೆ. ನನ್ನನ್ನು ನಾನು ಅಷ್ಟು ಬಲ್ಲೆ.

ಕ್ಷಮಿಸು ಎಂದು ಕೇಳುತ್ತಿಲ್ಲ. ಸೋಮವಾರ ಆ ಕೋಣೆಗೆ ತಲೆ ತಗ್ಗಿಸಿ ಹೋಗಬೇಡ, ಅಷ್ಟೇ. ಮುಂದೆಂದಾದರೂ ಒಂದು ದಿನ ನಮ್ಮ ಗೇಟಿಗೆ ನೀನೇ ಬಂದು ನಾಲ್ಕು ಬೈದುಹೋಗು.

ನಿನ್ನ ಬೆಂಚಿನ
ಕಮಲಾ

ತಾ.ಕ.: ‘ಹಸಿಯಿದೆ ಎಂದು ನನಗೆ ಗೊತ್ತಾಗಲಿಲ್ಲ’ ಎಂದು ಮೇಲೆ ಬರೆದಿದ್ದೇನೆ. ಕಚೇರಿಗೆ ಕೊಟ್ಟ ಕಾಗದದಲ್ಲೂ ಹಾಗೆಯೇ ಇದೆ. ಅದು ಸುಳ್ಳು. ಅವತ್ತು ರೇಣುಕವ್ವ ಒಂದು ಹಿಡಿ ಚೂರನ್ನು ನನ್ನ ಕಿವಿಯ ಹತ್ತಿರ ತಂದು ಹಿಚುಕಿದ್ದಳು. “ಒಣಗಿದ್ರ ಸಪ್ಪಳ ಮಾಡ್ತಾವ್ರಿ ಅಕ್ಕಾರ. ಇವು ಸುಮ್ಮನ ಅದಾವು ನೋಡ್ರಿ, ಇನ್ನಾ ಹಸಿ ಅದಾವು” ಎಂದಿದ್ದಳು. “ರೋಡ್ ಹಾಕೋದು ನಿನಗೆ ಗೊತ್ತಾ? ಸುಮ್ನೆ ಚೀಲ ತುಂಬು” ಎಂದಿದ್ದೆ ನಾನು. ಸೋಮವಾರ ಅವಳನ್ನೂ ಕರೆದುಕೊಂಡು ಬರುತ್ತೇನೆ. ಅವಳ ಎದುರಿಗೇ ಇದನ್ನು ಹೇಳುತ್ತೇನೆ. ಬರ್ತೀಯಾ ಎಂದು ಇವತ್ತು ಕೇಳಿದಾಗ ಅವಳು ಚೀಲ ಕೆಳಗಿಟ್ಟು, “ನಾ ಅಂದದ್ದು ನಿಮಗ ನೆನಪೈತೇನ್ರಿ?” ಎಂದಳು.